ನರ ಸಿಗದ ಕೈಗೊಂದು ದಾರಿ

ನಮ್ಮ ಕಡೆ ರಕ್ತನಾಳಕ್ಕೆ ಯಾರೂ ರಕ್ತನಾಳ ಎನ್ನುವುದಿಲ್ಲ, ‘ನರ’ ಎನ್ನುತ್ತಾರೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ನರವೆಂದರೆ ಮೆದುಳಿನ ಸುದ್ದಿಯನ್ನು ಒಯ್ಯುವ ತಂತಿ. ರಕ್ತವನ್ನು ಹೃದಯಕ್ಕೆ ಮರಳಿ ತರುವ ನಾಳಕ್ಕೆ ಅಲ್ಲಿ ಅಭಿಧಮನಿ ಎಂಬ ಭಾರವಾದ ಹೆಸರಿದೆ. ಪರೀಕ್ಷೆ ಮುಗಿದ ಮರುದಿನವೇ ನಾವು ಆ ಹೆಸರನ್ನು ಮರೆಯುತ್ತೇವೆ. ಆದರೆ ದವಾಖಾನೆಯ ವಾರ್ಡಿನಲ್ಲಿ ಕುಳಿತ ಯಾವ ಹೆಣ್ಣುಮಗಳಿಗೂ ‘ನರಾನ ಸಿಗವಲ್ದು’ ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ರಬ್ಬರು ಕಟ್ಟಿ, ಕೈ ತಟ್ಟಿ, ಮುಷ್ಟಿ ಹಿಡಿಸಿ, ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಸೂಜಿ ಚುಚ್ಚಿ, ಕೊನೆಗೆ ‘ಇನ್ನೊಬ್ಬ ಸಿಸ್ಟರ್‌ನ್ನ ಕರೀತೇನಿ’ ಎಂದು ಹೋಗುವ ಆ ಹೊತ್ತನ್ನು ಒಂದಲ್ಲ ಒಂದು ಮನೆಯಲ್ಲಿ ಎಲ್ಲರೂ ಕಂಡಿದ್ದೇವೆ.

ಎರಡು ದಿನದ ಜ್ವರಕ್ಕೆ ಸಲಾಯಿನ್ ಹಚ್ಚಿಸಿಕೊಂಡವರಿಗೆ ಅದು ಮರೆತುಹೋಗುವ ನೋವು. ಆದರೆ ತಿಂಗಳುಗಟ್ಟಲೆ ಔಷಧ ರಕ್ತದಲ್ಲೇ ಹೋಗಬೇಕಾದವರ ಪಾಡು ಬೇರೆ. ಕ್ಯಾನ್ಸರಿನ ಔಷಧ ತೆಗೆದುಕೊಳ್ಳುವವರು, ಕರುಳು ಕೆಲಸ ಮಾಡದೆ ಊಟವನ್ನೇ ರಕ್ತದ ಮೂಲಕ ಪಡೆಯಬೇಕಾದವರು, ವಾರಗಟ್ಟಲೆ ಆಂಟಿಬಯಾಟಿಕ್ ಬೇಕಾದವರು, ಇಂಥವರಿಗೆ ಕೈಯ ಸಣ್ಣ ನಾಳಗಳು ಸಾಲುವುದಿಲ್ಲ. ಅವರಿಗಾಗಿ ಇರುವುದು ಒಂದು ಮೆತ್ತನೆಯ ಸಪೂರ ಕೊಳವೆ. ಅದರ ಒಂದು ತುದಿ ಎದೆಯೊಳಗೆ, ಹೃದಯದ ಬಾಗಿಲಿಗೆ ಬಂದು ಸೇರುವ ದೊಡ್ಡ ನಾಳದಲ್ಲಿರುತ್ತದೆ. ಇನ್ನೊಂದು ತುದಿ ತೋಳಿನಿಂದಲೋ ಎದೆಯ ಮೇಲಿನಿಂದಲೋ ಹೊರಗೆ ಬಂದಿರುತ್ತದೆ, ಇಲ್ಲವೆ ಚರ್ಮದ ಕೆಳಗೇ ಒಂದು ಸಣ್ಣ ಡಬ್ಬಿಗೆ ಕೂಡಿಕೊಂಡಿರುತ್ತದೆ. ಪಿಕ್ ಲೈನ್, ಹಿಕ್‌ಮನ್ ಲೈನ್, ಪೋರ್ಟ್ ಎಂಬ ಹೆಸರುಗಳನ್ನು ಹೇಳಿ ಒಂದು ಕಾಗದದ ಮೇಲೆ ನಮ್ಮ ಸಹಿ ತೆಗೆದುಕೊಳ್ಳುತ್ತಾರೆ. ಆ ಕೊಳವೆ ಎಲ್ಲಿಂದ ಬಂತು, ಯಾರ ಮೈಮೇಲೆ ಹಾದು ಬಂತು ಎಂಬುದನ್ನು ಹೇಳಲು ಅಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ. ಅದನ್ನೇ ನಾನಿಲ್ಲಿ ಹೇಳಹೊರಟಿದ್ದೇನೆ.

ನಾನು ಮುಗದದ ಸೊಸೆ. ಧಾರವಾಡದ ಪಡುವಣಕ್ಕೆ, ಮಲೆನಾಡಿನ ಸೆರಗಿನಲ್ಲಿರುವ ಊರು ಅದು. ಅಲ್ಲಿ ಕುಂಬಾರರ ಮಣ್ಣಿಗೆ ಹೆಸರಿದೆ, ಭತ್ತಕ್ಕೆ ಹೆಸರಿದೆ. ‘ಮುಗದ ಸುಗಂಧ’ ಎಂಬ ತಳಿಗೆ ಊರಿನ ಹೆಸರೇ ಇದೆ. ಊರಿಗೊಂದು ದೊಡ್ಡ ಕೆರೆಯೂ ಇದೆ. ಈ ಕೊಳವೆಯ ಗುಟ್ಟು ನನಗೆ ತಿಳಿದದ್ದು ಆ ಕೆರೆಯನ್ನು ನೆನೆದ ಮೇಲೆಯೇ. ಗದ್ದೆಯ ಬದುವಿನಗುಂಟ ಹರಿಯುವ ಗೇಣಗಲದ ಕಾಲುವೆಗೆ ಒಂದು ಬುಟ್ಟಿ ಸುಣ್ಣ ಸುರುವಿದರೆ ಏನಾಗುತ್ತದೆ? ದಂಡೆಯ ಹುಲ್ಲೆಲ್ಲ ಸುಟ್ಟುಹೋಗುತ್ತದೆ. ಅದೇ ಸುಣ್ಣವನ್ನು ತುಂಬಿದ ಕೆರೆಗೆ ಸುರುವಿದರೆ ಮೀನಿಗೂ ಗೊತ್ತಾಗುವುದಿಲ್ಲ. ಕೈಯ ಬೆನ್ನ ಮೇಲಿನ ನಾಳ ಆ ಕಾಲುವೆ ಇದ್ದಂತೆ. ಹೃದಯದ ಸಮೀಪದ ದೊಡ್ಡ ನಾಳದಲ್ಲಿ ನಿಮಿಷಕ್ಕೆ ಸುಮಾರು ೨ ಲೀಟರ್ ರಕ್ತ ಹರಿಯುತ್ತದೆ. ಎಂಥ ಖಾರದ ಔಷಧವೂ ಅಲ್ಲಿ ಬಿದ್ದ ಕ್ಷಣದಲ್ಲೇ ತೆಳುವಾಗಿ ನಾಳದ ಗೋಡೆಗೆ ತಾಗದೆ ಸಾಗುತ್ತದೆ. ಈ ಕೊಳವೆಯ ಹಿಂದಿರುವ ಲೆಕ್ಕ ಇಷ್ಟೆ. ಆದರೆ ಈ ಲೆಕ್ಕ ಮಾಡಲು ಮನುಷ್ಯನಿಗೆ ಮುನ್ನೂರು ವರ್ಷ ಹಿಡಿಯಿತು.

ಮೊದಲು ರಕ್ತ ಸುತ್ತುತ್ತದೆ ಎಂಬುದೇ ಗೊತ್ತಿರಲಿಲ್ಲ. ಯಕೃತ್ತಿನಲ್ಲಿ ರಕ್ತ ಹುಟ್ಟುತ್ತದೆ, ಮೈಯೆಲ್ಲ ಹರಿದು ಅಲ್ಲಲ್ಲೇ ಇಂಗಿಹೋಗುತ್ತದೆ ಎಂದು ಯುರೋಪಿನ ವೈದ್ಯರು ನೂರಾರು ವರ್ಷ ನಂಬಿದ್ದರು. ೧೬೨೮ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ತೋಳಿಗೆ ಪಟ್ಟಿ ಕಟ್ಟಿ, ಉಬ್ಬಿದ ನಾಳವನ್ನು ಬೆರಳಿನಿಂದ ಒತ್ತಿ ತೋರಿಸಿ, ರಕ್ತ ಒಂದೇ ದಿಕ್ಕಿನಲ್ಲಿ ಹೃದಯಕ್ಕೆ ಮರಳುತ್ತದೆ, ಅಲ್ಲಿಂದ ಮತ್ತೆ ಹೊರಡುತ್ತದೆ ಎಂದು ಬರೆದ. ಇಂದಿಗೂ ಸಿಸ್ಟರ್ ನಮ್ಮ ತೋಳಿಗೆ ರಬ್ಬರು ಕಟ್ಟುವುದು ಅದೇ ನಂಬಿಕೆಯ ಮೇಲೆ. ೧೬೫೬ರಲ್ಲಿ ಆಕ್ಸ್‌ಫರ್ಡಿನ ಕ್ರಿಸ್ಟೊಫರ್ ರೆನ್ ಹಕ್ಕಿಯ ಗರಿಯ ದಂಟನ್ನೇ ಸೂಜಿಯಾಗಿ ಮಾಡಿ, ಪ್ರಾಣಿಯ ಮೂತ್ರಕೋಶದ ಚೀಲವನ್ನು ಅದಕ್ಕೆ ಕಟ್ಟಿ, ನಾಯಿಯ ನಾಳಕ್ಕೆ ಔಷಧ ಹರಿಸಿದ. ಮುಂದೆ ಲಂಡನ್ನಿನ ಸೇಂಟ್ ಪಾಲ್ ಚರ್ಚನ್ನು ಕಟ್ಟಿದ ಶಿಲ್ಪಿ ಇವನೇ.

ಆಮೇಲಿನ ಕಥೆಯಲ್ಲಿ ಹೆಂಗಸರು ಬರುತ್ತಾರೆ. ಆದರೆ ಹೆಸರಿಲ್ಲದೆ ಬರುತ್ತಾರೆ. ಲಂಡನ್ನಿನ ಹೆರಿಗೆ ವೈದ್ಯ ಜೇಮ್ಸ್ ಬ್ಲಂಡೆಲ್ ಬಾಣಂತಿಯರು ರಕ್ತಸ್ರಾವದಿಂದ ಕಣ್ಣೆದುರೇ ಸಾಯುವುದನ್ನು ನೋಡಲಾರದೆ ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಡುವ ಪ್ರಯತ್ನಕ್ಕೆ ಕೈಹಾಕಿದ. ೧೮೧೮ರ ಮೊದಲ ಪ್ರಯತ್ನದಲ್ಲಿ ರೋಗಿ ಉಳಿಯಲಿಲ್ಲ. ೧೮೨೯ರಲ್ಲಿ ಒಬ್ಬ ಬಾಣಂತಿ ಉಳಿದುಕೊಂಡಳೆಂದು ಪತ್ರಿಕೆಯಲ್ಲಿ ಬರೆದ.

ಅದಾಗಿ ಮೂರು ವರ್ಷಕ್ಕೆ, ೧೮೩೨ರಲ್ಲಿ, ನಮ್ಮ ದೇಶಕ್ಕೂ ಸಂಬಂಧಪಟ್ಟ ಸಂಗತಿಯೊಂದು ನಡೆಯಿತು. ೧೮೧೭ರಲ್ಲಿ ಬಂಗಾಳದಲ್ಲಿ ಎದ್ದ ಕಾಲರಾ ಊರೂರು ದೇಶದೇಶ ಸುತ್ತಿತು. ೧೮೩೧ರಲ್ಲಿ ಆ ಬೇನೆ ಇಂಗ್ಲೆಂಡನ್ನು ಮುಟ್ಟಿತು. ವಾಂತಿಭೇದಿಯಿಂದ ಮೈಯ ನೀರೆಲ್ಲ ಬಸಿದು ಜನ ಸಾಯುತ್ತಿದ್ದರೆ, ಅಲ್ಲಿಯ ವೈದ್ಯರು ಇದ್ದ ರಕ್ತವನ್ನೂ ಕೊಯ್ದು ಹರಿಸುತ್ತಿದ್ದರು. ಸ್ಕಾಟ್‌ಲಂಡಿನ ಲೀತ್ ಬಂದರಿನ ಥಾಮಸ್ ಲಾಟಾ ಎಂಬ ವೈದ್ಯನಿಗೆ ಮಾತ್ರ, ಹೋದ ನೀರನ್ನು ಮರಳಿ ತುಂಬಬೇಕಲ್ಲವೇ ಎಂಬ ನೇರವಾದ ವಿಚಾರ ಹೊಳೆಯಿತು. ಎಲ್ಲ ಉಪಚಾರವೂ ಸೋತಿದ್ದ ಒಬ್ಬ ಮುದುಕಿಯ ತೋಳಿನ ಒಳಬದಿಯ ನಾಳಕ್ಕೆ ಕೊಳವೆ ಇಟ್ಟು ಉಪ್ಪುನೀರು ಹರಿಸಿದ. ಅರ್ಧ ತಾಸಿನಲ್ಲಿ ಗುಳಿಬಿದ್ದ ಕಣ್ಣು ಮೇಲೆ ಬಂತು, ತಣ್ಣಗಾಗಿದ್ದ ಮೈ ಬೆಚ್ಚಗಾಯಿತು, ಮುಖದಲ್ಲಿ ಕಳೆ ಬಂತು. ಬದುಕಿದಳೆಂದು ತಿಳಿದು ಲಾಟಾ ಆಕೆಯನ್ನು ಆಸ್ಪತ್ರೆಯವರಿಗೆ ಒಪ್ಪಿಸಿ ಹೊರಟ. ವಾಂತಿಭೇದಿ ಮತ್ತೆ ಶುರುವಾಯಿತು. ಮತ್ತೆ ನೀರು ಕೊಡಲಿಲ್ಲ. ಐದಾರು ತಾಸಿನೊಳಗೆ ಆಕೆ ತೀರಿಕೊಂಡಳು.

ಈ ಮುದುಕಿಯ ಸಂಗತಿ ಓದಿದಾಗ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತೆ. ಆಕೆಗೆ ಬೇಕಾದದ್ದು ಒಂದು ಸಲದ ನೀರಲ್ಲ, ನಿಲ್ಲದೆ ಹರಿಯುವ ನೀರು. ಹಾಕಿದ ಕೊಳವೆ ಅಲ್ಲಿಯೇ ಇರಬೇಕಿತ್ತು, ಅದನ್ನು ನೋಡಿಕೊಳ್ಳುವ ಒಂದು ಕೈ ಇರಬೇಕಿತ್ತು. ಇವೆರಡೂ ಇರಲಿಲ್ಲ. ಮುಂದಿನ ನೂರೈವತ್ತು ವರ್ಷಗಳ ಚರಿತ್ರೆಯೆಲ್ಲ ಈ ಎರಡು ಕೊರತೆಗಳನ್ನು ನೀಗುವ ಚರಿತ್ರೆ ಎಂದು ನನಗೆ ಅನ್ನಿಸುತ್ತದೆ.

ಹೃದಯದವರೆಗೆ ಕೊಳವೆ ಹೋಗಬಹುದು ಎಂದು ಬದುಕಿರುವ ಮನುಷ್ಯನ ಮೈಯಲ್ಲಿ ತೋರಿಸಿದವನು ಜರ್ಮನಿಯ ವೆರ್ನರ್ ಫೋರ್ಸ್‌ಮನ್. ೧೯೨೯ರಲ್ಲಿ ಬರ್ಲಿನ್ ಸಮೀಪದ ಎಬರ್ಸ್‌ವಾಲ್ಡೆ ಊರಿನ ಆಸ್ಪತ್ರೆಯಲ್ಲಿ ಆತ ಆಗಷ್ಟೇ ಕೆಲಸ ಕಲಿಯುತ್ತಿದ್ದ ಎಳೆಯ ವೈದ್ಯ. ತುರ್ತಿನಲ್ಲಿ ಎದೆಗೇ ಸೂಜಿ ಚುಚ್ಚಿ ಔಷಧ ಕೊಡುವ ಅಪಾಯಕ್ಕಿಂತ ತೋಳಿನ ನಾಳದ ಹಾದಿಯಲ್ಲಿ ಹೃದಯ ಮುಟ್ಟುವುದು ಲೇಸೆಂಬುದು ಆತನ ವಿಚಾರ. ಹಿರಿಯರು ಒಪ್ಪಲಿಲ್ಲ. ಸಲಕರಣೆಗಳ ಬೀಗದ ಕೈ ಇದ್ದದ್ದು ನರ್ಸ್ ಗೆರ್ಡಾ ಡಿಟ್ಸೆನ್ ಬಳಿ. ಆತ ಆಕೆಗೆ ವಿಚಾರವನ್ನೆಲ್ಲ ವಿವರಿಸಿದ. ಆಕೆಗೆ ಅದು ಎಷ್ಟು ಮನಸ್ಸಿಗೆ ಬಂತೆಂದರೆ, ‘ನನ್ನ ಮೇಲೆಯೇ ಮಾಡು’ ಎಂದು ಮೇಜಿನ ಮೇಲೆ ಮಲಗಿದಳು. ಆತ ಆಕೆಯ ಕೈಕಾಲು ಕಟ್ಟಿ, ಆಕೆಗೇ ಮಾಡುವವನಂತೆ ನಟಿಸಿ, ತನ್ನ ಎಡತೋಳನ್ನು ಕೊಯ್ದು ಮೂತ್ರನಾಳಕ್ಕೆ ಬಳಸುವ ಕೊಳವೆಯನ್ನು ಒಳಗೆ ತಳ್ಳಿಕೊಂಡ. ಮೋಸ ತಿಳಿದು ಆಕೆ ಸಿಟ್ಟಾದಳು. ಆದರೂ ಕೈಬಿಡಲಿಲ್ಲ. ಇಬ್ಬರೂ ಮೆಟ್ಟಿಲಿಳಿದು ಎಕ್ಸ್‌ರೇ ಕೋಣೆಗೆ ಹೋದರು. ಆಕೆ ಹಿಡಿದ ಕನ್ನಡಿಯಲ್ಲಿ ನೋಡುತ್ತ ಆತ ಕೊಳವೆಯನ್ನು ಹೃದಯದ ಬಲಭಾಗದವರೆಗೆ ತಳ್ಳಿಕೊಂಡು ಚಿತ್ರ ತೆಗೆಸಿಕೊಂಡ.

೧೯೫೬ರಲ್ಲಿ ಅಮೆರಿಕದ ಇಬ್ಬರ ಜೊತೆ ಫೋರ್ಸ್‌ಮನ್‌ಗೆ ನೊಬೆಲ್ ಬಂತು. ಆತ ದೇವರಂಥ ಮನುಷ್ಯನಾಗಿರಲಿಲ್ಲ. ಹಿಟ್ಲರನ ಪಕ್ಷ ಸೇರಿದ್ದ. ಒಳ್ಳೆಯ ಕೆಲಸವೆಲ್ಲ ಒಳ್ಳೆಯವರಿಂದಲೇ ಆಗುತ್ತದೆಂಬ ಭರವಸೆಯನ್ನು ಚರಿತ್ರೆ ಕೊಡುವುದಿಲ್ಲ. ಆದರೆ ಮೇಜಿನ ಮೇಲೆ ಮಲಗಿದ ಆ ನರ್ಸಿನ ಧೈರ್ಯವನ್ನು ನಾನು ಬದಿಗಿಡಲಾರೆ. ಬೀಗ ತೆಗೆದು ಸಲಕರಣೆ ಕೊಟ್ಟವಳು, ಕನ್ನಡಿ ಹಿಡಿದು ನಿಂತವಳು ಆಕೆ. ಆಕೆ ಹಿಂದೆ ಸರಿದಿದ್ದರೆ ಆ ದಿನ ಏನೂ ಆಗುತ್ತಿರಲಿಲ್ಲ.

ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಪ್ಲಾಸ್ಟಿಕ್ ಬಂತು. ೧೯೫೨ರಲ್ಲಿ ಫ್ರೆಂಚ್ ವೈದ್ಯ ರೊಬೇರ್ ಓಬಾನಿಯಾಕ್ ಕೊರಳೆಲುಬಿನ ಕೆಳಗಿನ ದೊಡ್ಡ ನಾಳಕ್ಕೆ ನೇರವಾಗಿ ಸೂಜಿ ಹಾಕುವ ರೀತಿಯನ್ನು ಬರೆದ. ೧೯೫೩ರಲ್ಲಿ ಸ್ವೀಡನ್ನಿನ ಸ್ವೆನ್ ಈವಾರ್ ಸೆಲ್ಡಿಂಗರ್ ಒಂದು ಸರಳ ಉಪಾಯ ಕಂಡುಹಿಡಿದ. ದಪ್ಪ ಕೊಳವೆ ಹಾಕಬೇಕಾದರೆ ದಪ್ಪ ಸೂಜಿಯೇ ಬೇಕೆಂದು ಎಲ್ಲರೂ ತಿಳಿದಿದ್ದರು. ಈತ ಸಣ್ಣ ಸೂಜಿ ಚುಚ್ಚಿ, ಅದರೊಳಗಿಂದ ಬಾಗುವ ತಂತಿಯೊಂದನ್ನು ಬಿಟ್ಟು, ಸೂಜಿ ಹೊರಗೆ ತೆಗೆದು, ತಂತಿಯ ಮೇಲೆ ಕೊಳವೆಯನ್ನು ಪೋಣಿಸಿ ಒಳಗೆ ಜಾರಿಸಿ, ಕೊನೆಗೆ ತಂತಿಯನ್ನು ಎಳೆದುಕೊಂಡ. ಪರಕಾರದ ನೇಫೆಯಲ್ಲಿ ಲಾಡಿ ಏರಿಸುವಾಗ ನಾವು ಮುಂದೊಂದು ಪಿನ್ನು ಕಳಿಸಿ ದಾರಿ ಮಾಡಿಕೊಳ್ಳುವುದಿಲ್ಲವೆ, ಹೆಚ್ಚುಕಡಿಮೆ ಹಾಗೆಯೇ. ಇಂದು ಜಗತ್ತಿನ ಯಾವ ಆಸ್ಪತ್ರೆಯಲ್ಲಿ ಈ ಕೊಳವೆ ಹಾಕಿದರೂ ಬಹುತೇಕ ಇದೇ ಉಪಾಯ.

ಒಳಹೋಗುವ ದಾರಿ ಸಿಕ್ಕಿತು. ಇನ್ನು ಅಲ್ಲಿ ನಿಲ್ಲುವುದು. ೧೯೬೭ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸಣ್ಣ ಕರುಳು ಬಹುಪಾಲು ಇಲ್ಲದೆ ಹುಟ್ಟಿದ ಒಂದು ಹೆಣ್ಣು ಕೂಸು ಹಸಿವೆಯಿಂದ ಸಾಯುತ್ತಿತ್ತು. ಅದಕ್ಕೂ ಮೊದಲು ಸ್ಟ್ಯಾನ್ಲಿ ಡ್ಯುಡ್ರಿಕ್ ಎಂಬ ವೈದ್ಯ ಬೀಗಲ್ ಜಾತಿಯ ನಾಯಿಮರಿಗಳಿಗೆ ಸಂಪೂರ್ಣ ಆಹಾರವನ್ನು ರಕ್ತದ ಮೂಲಕವೇ ಕೊಟ್ಟು ಬೆಳೆಸಿದ್ದ. ಅಷ್ಟು ಗಟ್ಟಿಯಾದ ಸಕ್ಕರೆಯ ದ್ರಾವಣ ಸಣ್ಣ ನಾಳದಲ್ಲಿ ಹೋದರೆ ನಾಳ ಉರಿದು ಮುಚ್ಚಿಹೋಗುತ್ತದೆ, ದೊಡ್ಡ ನಾಳವೇ ಬೇಕು. ಕೂಸಿನ ಕೊರಳಿನ ನಾಳದಲ್ಲಿ ಕೊಳವೆ ಇಟ್ಟು, ಇನ್ನೊಂದು ತುದಿಯನ್ನು ಚರ್ಮದ ಕೆಳಗೇ ಸುರಂಗ ಮಾಡಿ ಕಿವಿಯ ಹಿಂದೆ ಹೊರಗೆ ತಂದರು. ನಾಳಕ್ಕೆ ಚುಚ್ಚಿದ ಜಾಗಕ್ಕೂ ಚರ್ಮದಿಂದ ಹೊರಬರುವ ಜಾಗಕ್ಕೂ ಅಂತರವಿದ್ದರೆ ಸೋಂಕು ಒಳಗಿಳಿಯುವುದು ಕಠಿಣ. ಆ ಕೂಸು ಬೆಳೆಯಿತು. ಸುಮಾರು ೨೨ ತಿಂಗಳು ಬದುಕಿತು. ಬಾಯಿಂದ ಉಣ್ಣದೆಯೂ ಕೂಸು ಬೆಳೆಯಬಲ್ಲದೆಂದು ಜಗತ್ತಿಗೆ ಕಲಿಸಿದ್ದು ಅದೇ.

ಆಮೇಲಿನ ಹೆಜ್ಜೆ ಅಮೆರಿಕದ ಸಿಯಾಟಲ್ ನಗರದ್ದು. ಅಲ್ಲಿಯ ಬೆಲ್ಡಿಂಗ್ ಸ್ಕ್ರಿಬ್ನರ್ ೧೯೬೦ರಲ್ಲಿ ಕೈಯಲ್ಲೇ ಉಳಿಯುವ ಕೊಳವೆ ಜೋಡಿಸಿ, ಮೂತ್ರಪಿಂಡ ಸೋತವರಿಗೆ ಮತ್ತೆಮತ್ತೆ ಡಯಾಲಿಸಿಸ್ ಮಾಡುವುದನ್ನು ಸಾಧ್ಯವಾಗಿಸಿದ್ದ. ೧೯೭೩ರಲ್ಲಿ ಆತ ಜಾನ್ ಬ್ರೋವಿಯಾಕ್ ಮತ್ತು ಇನ್ನೊಬ್ಬರ ಜೊತೆ ಸೇರಿ, ರೋಗಿ ಮನೆಯಲ್ಲಿದ್ದುಕೊಂಡೇ ರಕ್ತದ ಮೂಲಕ ಆಹಾರ ಪಡೆಯಲು ಸಿಲಿಕೋನ್ ರಬ್ಬರಿನ ಕೊಳವೆ ಮಾಡಿದ. ಅದರ ಮೈ ನುಣುಪು, ರಕ್ತ ಹೆಪ್ಪುಗಟ್ಟಿ ಅಂಟುವುದು ಕಡಿಮೆ. ಆದರೆ ಚರ್ಮದ ಕೆಳಗಿನ ಸುರಂಗದಲ್ಲಿ ಕೊಳವೆಯ ಸುತ್ತ ಒರಟಾದ ಡೆಕ್ರಾನ್ ಬಟ್ಟೆಯ ಸಣ್ಣ ಪಟ್ಟಿ. ಕೆಲವು ವಾರಗಳಲ್ಲಿ ನಮ್ಮದೇ ಮಾಂಸ ಆ ಬಟ್ಟೆಯ ಎಳೆಗಳೊಳಗೆ ಬೆಳೆದು ಕೊಳವೆಯನ್ನು ಹಿಡಿದುಕೊಳ್ಳುತ್ತದೆ, ಹೊರಗಿನ ಕ್ರಿಮಿಗೂ ಅದೇ ಅಡ್ಡಗೋಡೆ. ಕುಂಬಾರರ ಕೆಲಸ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಪಾತ್ರೆಯ ಒಳಮೈಯನ್ನು ಎಷ್ಟು ನುಣುಪಾಗಿ ಸವರಿದರೂ ಕೊಕ್ಕು ಅಂಟಿಸುವ ಜಾಗವನ್ನು ಬೇಕೆಂದೇ ಗೀರಿ ಒರಟು ಮಾಡುತ್ತಾರೆ, ಇಲ್ಲವಾದರೆ ಅದು ಹಿಡಿಯುವುದಿಲ್ಲ.

೧೯೭೯ರಲ್ಲಿ ಅದೇ ಸಿಯಾಟಲ್ಲಿನ ರಾಬರ್ಟ್ ಹಿಕ್‌ಮನ್ ಆ ಕೊಳವೆಯನ್ನು ಇನ್ನಷ್ಟು ಅಗಲ ಮಾಡಿದ. ಅಲ್ಲಿ ಡೊನಾಲ್ ಥಾಮಸ್ ಅವರು ರಕ್ತದ ಕ್ಯಾನ್ಸರಿಗೆ ಅಸ್ಥಿಮಜ್ಜೆ ಕಸಿ ಮಾಡುತ್ತಿದ್ದರು. ದಿನಕ್ಕೆ ಹತ್ತು ಸಲ ರಕ್ತ ತೆಗೆಯಬೇಕು, ಕೊಡಬೇಕು, ಔಷಧ ಹಾಕಬೇಕು. ಈ ಕೊಳವೆ ಇಲ್ಲದೆ ಆ ಚಿಕಿತ್ಸೆ ನಡೆಯುವುದೇ ಕಷ್ಟವಿತ್ತು. ಥಾಮಸರಿಗೆ ೧೯೯೦ರಲ್ಲಿ ನೊಬೆಲ್ ಬಂತು. ಜೀವನದುದ್ದಕ್ಕೂ ಅವರ ಪ್ರಯೋಗಾಲಯದಲ್ಲಿ ಜೊತೆಯಾಗಿ ದುಡಿದ ಹೆಂಡತಿ ಡಾಟಿಯನ್ನು ಅಸ್ಥಿಮಜ್ಜೆ ಕಸಿಯ ತಾಯಿ ಎಂದು ಅಲ್ಲಿಯವರು ಕರೆಯುತ್ತಾರೆ. ಬಹುಮಾನದ ಪಟ್ಟಿಯಲ್ಲಿ ಆಕೆಯ ಹೆಸರಿಲ್ಲ. ೧೯೭೫ರಲ್ಲಿ ತೋಳಿನಿಂದಲೇ ಒಳಸೇರುವ ಉದ್ದನೆಯ ಸಿಲಿಕೋನ್ ಕೊಳವೆ, ಅಂದರೆ ಇಂದಿನ ಪಿಕ್ ಲೈನು, ಬಂದಿತ್ತು. ಲಾಟಾ ೧೮೩೨ರಲ್ಲಿ ಆರಿಸಿದ ತೋಳಿನ ಒಳಬದಿಯ ಆ ನಾಳವನ್ನೇ ಇದಕ್ಕೂ ಹೆಚ್ಚಾಗಿ ಆರಿಸುತ್ತಾರೆ. ೧೯೮೨ರಲ್ಲಿ ಹೊರಗೇನೂ ಕಾಣದಂತೆ ಚರ್ಮದ ಕೆಳಗೆ ಹುದುಗಿಸುವ ಪೋರ್ಟ್ ಬಂತು.

ನಮ್ಮ ದೇಶದಲ್ಲಿ ೧೯೪೧ರಲ್ಲಿ ಮುಂಬಯಿಯಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ತೆರೆಯಿತು. ಧಾರವಾಡದ ಕಡೆಯವರಿಗೆ ಬಹಳ ಕಾಲ ಕ್ಯಾನ್ಸರ್ ಎಂದರೆ ಮುಂಬಯಿಯ ರೈಲು ಹತ್ತುವುದೇ ಆಗಿತ್ತು. ೧೯೮೩ರಲ್ಲಿ ಆ ಆಸ್ಪತ್ರೆಯಲ್ಲಿಯೇ ಡಾ. ಸುರೇಶ ಅಡ್ವಾಣಿ ಅವರು ಭಾರತದ ಮೊದಲ ಅಸ್ಥಿಮಜ್ಜೆ ಕಸಿ ಮಾಡಿದರು. ರೋಗಿ ಒಂಬತ್ತು ವರ್ಷದ ಹುಡುಗಿ. ೧೯೫೭ರಲ್ಲಿ ಹುಬ್ಬಳ್ಳಿಗೆ ಮೆಡಿಕಲ್ ಕಾಲೇಜು ಬಂದಿತ್ತು, ೧೯೭೩ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಆರಂಭವಾಯಿತು, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಾಯಿತು. ಇಂದು ಈ ಕೊಳವೆಗಾಗಿ ರೈಲು ಹತ್ತಬೇಕಾಗಿಲ್ಲ. ಆದರೆ ಅದು ಮನೆಯ ಹೊಸ್ತಿಲಿಗೆ ಬಂದಾಗ ಏನಾಗುತ್ತದೆ ಎಂಬುದನ್ನು ನಾನು ಮುಗದದಲ್ಲಿ ಕಂಡೆ.

ನನ್ನ ನೆಗೆಣ್ಣಿಗೆ ಸ್ತನದ ಕ್ಯಾನ್ಸರ್ ಆಯಿತು. ಆಪರೇಶನ್ನಿನಲ್ಲಿ ಎಡಗಂಕುಳಿನ ಗಂಟುಗಳನ್ನೂ ತೆಗೆದರು. ಆ ಕೈ ಬಾವು ಬರಬಾರದೆಂದು ಅದಕ್ಕೆ ಸೂಜಿ ಹಾಕುವಂತಿರಲಿಲ್ಲ. ಉಳಿದದ್ದು ಬಲಗೈ ಒಂದೇ. ಔಷಧಗಳಲ್ಲೊಂದು ಕೆಂಪು ಬಣ್ಣದ್ದು. ಅದರ ಹುಟ್ಟೂ ಮಣ್ಣಿನಿಂದಲೇ. ೧೯೫೦ರ ದಶಕದಲ್ಲಿ ಇಟಲಿಯ ಸಂಶೋಧಕರು ಕಾಸ್ಟೆಲ್ ದೆಲ್ ಮೋಂತೆ ಎಂಬ ಹಳೆಯ ಕೋಟೆಯ ಸುತ್ತಲಿನ ಮಣ್ಣಿನಲ್ಲಿ ಒಂದು ಸೂಕ್ಷ್ಮಜೀವಿಯನ್ನು ಹಿಡಿದರು, ಅದರ ಸಂತತಿಯಿಂದ ಈ ಔಷಧ ಬಂತು. ಸಮೀಪದ ಏಡ್ರಿಯಾಟಿಕ್ ಸಮುದ್ರದ ನೆನಪಿಗೆ ಏಡ್ರಿಯಾಮೈಸಿನ್ ಎಂದು ಹೆಸರಿಟ್ಟರು. ನಾಳದೊಳಗೆ ಇದ್ದರೆ ಅದು ಔಷಧ, ನಾಳದಾಚೆ ಸೋರಿದರೆ ಬೆಂಕಿ. ಎರಡನೆಯ ಸಲ ಒಂದು ದವಾಖಾನೆಯಲ್ಲಿ ಅದು ಸೋರಿ ಆಕೆಯ ಮುಂಗೈ ಚರ್ಮ ಕಪ್ಪಾಗಿ ಹುಣ್ಣಾಯಿತು. ಮೂರನೆಯ ಸಲಕ್ಕೆ ನಾಲ್ಕು ಕಡೆ ಚುಚ್ಚಿದರು. ಆ ರಾತ್ರಿ ಆಕೆ ನನಗೆ ಹೇಳಿದಳು: ‘ಅಕ್ಕಾ, ಬ್ಯಾನಿಗೆ ನಾ ಅಂಜೂದಿಲ್ಲ. ಸೂಜಿ ಹಿಡಕೊಂಡು ಹುಡುಕತಾರಲ್ಲ, ಆ ಹುಡುಕೂದಕ್ಕ ಅಂಜತೇನಿ. ಮುಂದಿನ ಸಲ ನಾ ಬರೂದಿಲ್ಲ.’

ಇದನ್ನು ಬರೇ ನೋವಿನ ಮಾತೆಂದು ತಿಳಿಯಬಾರದು. ಸೂಜಿಯ ಅಂಜಿಕೆಗೆ ಚಿಕಿತ್ಸೆಯನ್ನೇ ಬಿಟ್ಟರೆ ರೋಗ ಕಾಯುವುದಿಲ್ಲ. ವೈದ್ಯರು ಪೋರ್ಟ್ ಹಾಕಿಸಿಕೊಳ್ಳಲು ಹೇಳಿದರು. ಮನೆಯಲ್ಲಿ ಲೆಕ್ಕ ಶುರುವಾಯಿತು. ನನ್ನ ಮೈದುನ ಕೆಟ್ಟವನಲ್ಲ, ಆಪರೇಶನ್ನಿಗೆ ಭತ್ತ ಮಾರಿ, ಸಾಲ ಮಾಡಿ ತಂದವನು. ಆದರೂ ಕೇಳಿದ: ‘ವೈನಿ, ಚುಚ್ಚೂ ನೋವು ತಪ್ಪಸಾಕ ಇಷ್ಟು ರೊಕ್ಕ ಬೇಕೇನ?’ ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಆಕೆಯ ದನಿ ಬಂತು. ‘ಹೊಲದಾಗ ಬೋರ್ ಹೊಡಸುವಾಗ ಮೂರು ಕಡೆ ಚುಚ್ಚಿದ್ರಿ. ನೀರು ಸಿಗಲಿಲ್ಲಂತ ಬಿಟ್ರೇನು? ನಾಕನೇದಕ್ಕ ರೊಕ್ಕ ತಂದ್ರಿ. ನನ್ನ ಕೈ ಹೊಲಕ್ಕಿಂತ ಕಡಿಮಿ ಆತೇನು?’ ಮೈದುನ ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಅಂಗಿ ಹಾಕಿಕೊಂಡು ಹೊರಬಿದ್ದ. ಸಂಜೆಯೊಳಗೆ ರೊಕ್ಕ ತಂದ.

ಹಾಕುವ ಕ್ರಮವನ್ನು ವೈದ್ಯರೇ ನಮಗೆ ತಿಳಿಸಿ ಹೇಳಿದರು, ಅದನ್ನು ಹೇಳಿದರೆ ಓದುವವರ ಅಂಜಿಕೆ ಕಡಿಮೆಯಾದೀತು. ಮೊದಲು ರಕ್ತ ಹೆಪ್ಪುಗಟ್ಟುವ ಶಕ್ತಿ ಸರಿಯಿದೆಯೇ ಎಂದು ಪರೀಕ್ಷಿಸುತ್ತಾರೆ. ಆ ಜಾಗವನ್ನಷ್ಟೇ ಮರಗಟ್ಟಿಸಿದರೆ ಸಾಕು, ಸಣ್ಣ ಮಕ್ಕಳಿಗೆ ಪೂರ್ತಿ ಅರಿವಳಿಕೆ ಬೇಕಾಗುತ್ತದೆ. ತಲೆಯ ಕಡೆ ಸ್ವಲ್ಪ ತಗ್ಗಿಸಿ ಮಲಗಿಸುತ್ತಾರೆ. ಹಾಗೆ ಮಾಡಿದರೆ ಕೊರಳಿನ ನಾಳ ತುಂಬಿಕೊಳ್ಳುತ್ತದೆ, ಗಾಳಿ ಒಳಗೆ ಹೋಗುವ ಅಪಾಯ ಕಡಿಮೆಯಾಗುತ್ತದೆ. ಬಸುರಿಯರ ಹೊಟ್ಟೆ ನೋಡುವ ಅಲ್ಟ್ರಾಸೌಂಡಿನಲ್ಲೇ ಕೊರಳಿನ ನಾಳವನ್ನು ನೋಡುತ್ತ ಸೂಜಿ ಹಾಕುತ್ತಾರೆ. ಆಮೇಲೆ ಸೆಲ್ಡಿಂಗರನ ತಂತಿ, ತಂತಿಯ ಹಾದಿಯಲ್ಲಿ ಕೊಳವೆ. ಎದೆಯ ಮೇಲ್ಭಾಗದಲ್ಲಿ ಎರಡು ಬೆರಳಗಲ ಕೊಯ್ದು ಡಬ್ಬಿ ಕೂಡಿಸಿ, ಚರ್ಮದ ಕೆಳಗಿನ ಸುರಂಗದಲ್ಲಿ ಕೊಳವೆಯನ್ನು ಅದಕ್ಕೆ ಜೋಡಿಸಿ ಹೊಲಿಯುತ್ತಾರೆ. ಕೊನೆಗೆ ಎಕ್ಸ್‌ರೇಯಲ್ಲಿ ತುದಿ ಸರಿಯಾದ ಜಾಗದಲ್ಲಿದೆಯೇ, ಶ್ವಾಸಕೋಶಕ್ಕೆ ಸೂಜಿ ತಾಗಿಲ್ಲವೇ ಎಂದು ನೋಡುತ್ತಾರೆ. ಆಮೇಲೆ ಔಷಧ ಕೊಡುವಾಗಲೆಲ್ಲ ಚರ್ಮದ ಮೇಲಿನಿಂದ ಡಬ್ಬಿಯ ಮುಚ್ಚಳಕ್ಕೆ ವಿಶೇಷ ಸೂಜಿಯಿಂದ ಒಂದೇ ಚುಚ್ಚು. ಹುಡುಕಾಟವಿಲ್ಲ. ನನ್ನ ನೆಗೆಣ್ಣಿಯ ಚಿಕಿತ್ಸೆ ಮುಗಿಯಿತು, ಪೋರ್ಟನ್ನೂ ತೆಗೆದರು. ಕೊರಳೆಲುಬಿನ ಕೆಳಗಿನ ಗುರುತನ್ನು ಆಕೆ ಸೆರಗಿನಲ್ಲಿ ಮುಚ್ಚಿಕೊಳ್ಳುವುದಿಲ್ಲ.

ಈ ಕೊಳವೆಗೆ ಇನ್ನೊಂದು ಮುಖವೂ ಇದೆ. ಹೃದಯದ ಬಾಗಿಲಿಗೆ ಔಷಧ ಹೋಗುವ ದಾರಿಯಲ್ಲೇ ಕ್ರಿಮಿಯೂ ಹೋಗಬಲ್ಲದು. ೧೮೪೭ರಲ್ಲಿ ವಿಯೆನ್ನಾದ ಸೆಮ್ಮೆಲ್‌ವೈಸ್, ವೈದ್ಯರು ಕೈ ತೊಳೆದುಕೊಂಡರೆ ಬಾಣಂತಿಯರು ಸಾಯುವುದು ಕಡಿಮೆಯಾಗುತ್ತದೆಂದು ತೋರಿಸಿದ. ದೊಡ್ಡವರು ಆತನ ಮಾತು ಕೇಳಲಿಲ್ಲ. ನೂರೈವತ್ತು ವರ್ಷಗಳ ನಂತರವೂ ಅದನ್ನೇ ಮತ್ತೆ ಹೇಳಬೇಕಾಯಿತು. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ತೀವ್ರನಿಗಾ ಘಟಕಗಳಲ್ಲಿ ಪೀಟರ್ ಪ್ರೊನೊವೋಸ್ಟ್ ಮತ್ತು ಸಂಗಡಿಗರು ನಡೆಸಿದ ಕೆಲಸ ೨೦೦೬ರಲ್ಲಿ ಪ್ರಕಟವಾಯಿತು. ಅವರು ಹೊಸ ಔಷಧವನ್ನೇನೂ ತರಲಿಲ್ಲ. ಕೈ ತೊಳೆಯಿರಿ, ಮೈತುಂಬ ಶುದ್ಧ ಬಟ್ಟೆ ಹೊದಿಸಿ, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ ಔಷಧದಿಂದ ಒರೆಸಿ, ಸಾಧ್ಯವಾದರೆ ತೊಡೆಯ ಸಂದಿಯ ನಾಳ ಬಿಡಿ, ಬೇಡವಾದ ಕೊಳವೆಯನ್ನು ಕೂಡಲೇ ತೆಗೆಯಿರಿ, ಇವಿಷ್ಟೇ ಐದು ಮಾತು. ಯಾವುದನ್ನಾದರೂ ಬಿಟ್ಟರೆ ವೈದ್ಯರನ್ನು ತಡೆಯುವ ಅಧಿಕಾರವನ್ನು ನರ್ಸುಗಳಿಗೆ ಕೊಟ್ಟರು. ಮೊದಲು ಸಾವಿರ ಕೊಳವೆ ದಿನಗಳಿಗೆ ೨.೭ರಂತಿದ್ದ ಸೋಂಕಿನ ಮಧ್ಯಾಂಕ ಮೂರು ತಿಂಗಳಲ್ಲಿ ಸೊನ್ನೆಗೆ ಇಳಿಯಿತು.

ಕೊಳವೆ ಬೇಡವಾದಲ್ಲಿ ಬೇಡ ಎನ್ನುವುದೂ ವೈದ್ಯವೇ. ೧೯೭೧ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಎದ್ದಾಗ ಸಲಾಯಿನ್ ಬಾಟಲಿಗಳು ತೀರುತ್ತ ಬಂದವು. ಡಾ. ದಿಲೀಪ ಮಹಾಲನಬಿಸ್ ಉಪ್ಪು, ಸಕ್ಕರೆ, ಸೋಡಾ ಕಲಸಿದ ನೀರನ್ನು ಬಾಯಿಂದಲೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಕುಡಿಸಿದವರು ಹೆಚ್ಚಾಗಿ ಮನೆಯವರೇ, ಪಕ್ಕದಲ್ಲಿ ಕುಳಿತ ತಾಯಂದಿರೇ.

ಪಿಕ್ ಲೈನನ್ನೋ ಹಿಕ್‌ಮನ್ನನ್ನೋ ಹಾಕಿಸಿಕೊಂಡು ಮನೆಗೆ ಬಂದ ಮೇಲೂ ಕೆಲಸ ನಡೆಸುವವರು ಇಂಥವರೇ. ಸೋಪು ಹಚ್ಚಿ ಕೈ ತೊಳೆಯದೆ ಅದನ್ನು ಮುಟ್ಟಕೂಡದು. ಮೇಲಿನ ಪಟ್ಟಿ ಒದ್ದೆಯಾದರೆ, ಬಿಚ್ಚಿದರೆ ಬದಲಿಸಲೇಬೇಕು. ಜಳಕದಲ್ಲಿ ಅದಕ್ಕೆ ನೀರು ತಾಗಬಾರದು, ಕೆರೆ ಹೊಳೆಯಲ್ಲಿ ಮುಳುಗುವಂತಿಲ್ಲ. ಪಿಕ್ ಲೈನ್ ಇರುವ ಕೈಯಿಂದ ತುಂಬಿದ ಕೊಡ ಎತ್ತಬಾರದು, ಆ ಕೈಗೆ ರಕ್ತದೊತ್ತಡದ ಪಟ್ಟಿ ಕಟ್ಟಗೊಡಬಾರದು. ತಾಳಿಯ ಸರ ಕೊಳವೆಗೆ ಸಿಕ್ಕಿಕೊಳ್ಳದಂತೆ ನೋಡಬೇಕು. ಬಳಸದ ದಿನಗಳಲ್ಲಿಯೂ ವೈದ್ಯರು ಹೇಳಿದ ಅವಧಿಗೊಮ್ಮೆ ಒಳಗನ್ನು ತೊಳೆಸಬೇಕು, ಪೋರ್ಟಿಗೂ ಇದು ತಪ್ಪಿದ್ದಲ್ಲ. ನಡುಕದೊಂದಿಗೆ ಜ್ವರ ಬಂದರೆ, ಕೈಯೋ ಕೊರಳೋ ಬಾತರೆ, ಸುತ್ತ ಕೆಂಪಾಗಿ ಕೀವು ಕಂಡರೆ ಬೆಳಗಾಗಲೆಂದು ಕಾಯಬಾರದು. ಕೊಳವೆ ಹರಿದರೆ ಹರಿದ ಜಾಗಕ್ಕೂ ಮೈಗೂ ನಡುವೆ ಬಿಗಿಯಾಗಿ ಮಡಚಿ ಹಿಡಿದು ಹಾಗೆಯೇ ದವಾಖಾನೆಗೆ ಹೋಗಬೇಕು.

ಮತ್ತು ಕೇಳಬೇಕು. ಇದು ನಿಜವಾಗಿಯೂ ಬೇಕೇ? ಎಷ್ಟು ದಿನಕ್ಕೆ? ಮೂರರಲ್ಲಿ ಯಾವುದು, ಯಾಕೆ? ಮನೆಯಲ್ಲಿ ನೋಡಿಕೊಳ್ಳುವುದನ್ನು ಯಾರು ಕಲಿಸುತ್ತಾರೆ? ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು? ಯಾವಾಗ ತೆಗೆಯುತ್ತೀರಿ? ಕೈ ತೊಳೆದುಕೊಂಡಿರೇನು ಎಂದು ಕೇಳಲು ನಮ್ಮ ಹೆಂಗಸರಿಗೆ ಸಂಕೋಚ. ದೊಡ್ಡ ಡಾಕ್ಟರರಿಗೆ ಹೆಂಗ ಕೇಳೂದು ಎನ್ನುತ್ತಾರೆ. ಮಿಷಿಗನ್ನಿನ ನರ್ಸುಗಳು ಕೇಳಿದ್ದೂ ಅದನ್ನೇ, ಅಷ್ಟಕ್ಕೇ ಎಷ್ಟೋ ಜೀವ ಉಳಿದವು.

ಲೀತ್ ಊರಿನ ಆ ಮುದುಕಿಯ ಪಕ್ಕದಲ್ಲಿ ಮಗಳೋ ಸೊಸೆಯೋ ಯಾರಾದರೂ ಕುಳಿತಿದ್ದರೇ ಎಂದು ಲಾಟಾ ಬರೆದಿಲ್ಲ. ಕುಳಿತಿದ್ದರೆ, ವೈದ್ಯ ಚೀಲ ಎತ್ತಿಕೊಂಡು ಹೊರಡುವಾಗ ಬಾಗಿಲಿಗೆ ಅಡ್ಡ ನಿಂತು, ‘ಮತ್ತೆ ಭೇದಿ ಆದರೆ ಏನು ಮಾಡೋಣ?’ ಎಂದು ಒಂದು ಮಾತು ಕೇಳಿದ್ದರೆ, ಆ ರಾತ್ರಿ ಆಕೆಗೆ ಇನ್ನೊಂದು ಸೇರು ಉಪ್ಪುನೀರು ಸಿಗುತ್ತಿತ್ತೇನೋ.